ಕಾಸ್ಸಿಯಾನ್ ಬೆಟ್ಟದ ತಂಗುಮನೆಗೆ ಹೋದದ್ದು

ಈ ಕಥೆಯನ್ನು ಮೊದಲು ಹೇಳಿದವಳು ತಿರೋಲ್ ಸೀಮೆಯ ಕ್ರೆಸೆನ್ಸಿಯಾ ಎಂಬ ಚೀಸು ಮಾಡುವ ಮುದುಕಿ. ಎಪ್ಪತ್ತೆರಡನೆಯ ಇಸವಿಯಲ್ಲಿ, ದನಗಳು ಬೇಸಿಗೆಯ ಮೇವು ಮುಗಿಸಿ ಬೆಟ್ಟದಿಂದ ಇಳಿದ ವಾರ. ಬೇರೆಯವರು ಹೇಳುವಾಗ ಕಥೆಯ ತಂದೆಗೆ ಕೋಪ ಹೆಚ್ಚು. ಕ್ರೆಸೆನ್ಸಿಯಾ ಹೇಳುವಾಗ ಮಂಡಿನೋವು ಹೆಚ್ಚು. ನಾನು ಹಿಡಿದಿರುವುದು ಆಕೆಯ ಪಾಠವನ್ನೇ.

ಹಲವು ವರ್ಷಗಳ ಹಿಂದೆ ಕಾಸ್ಸಿಯಾನ್‌ನ ಟಗರೊಂದು ಬೆಟ್ಟದ ನೆತ್ತಿ ದಾಟಿ ಆಚೆಯ ಕಣಿವೆಗೆ ಹೋಗಿ ಮರಳಲಿಲ್ಲ. ಅಲ್ಲಿಯ ರೊಮೇಡ್ ಅದನ್ನು ತಿಂದನೆಂದು ಈತ. ಈತನಿಗೆ ಕುರಿ ಕಾಯಲು ಬಾರದೆಂದು ಆತ. ಆ ಕಣಿವೆಯ ಮಣ್ಣು ಮೆಟ್ಟುವುದಿಲ್ಲವೆಂದು ಕಾಸ್ಸಿಯಾನ್ ಆಣೆಯಿಟ್ಟ. ಆದರೆ ಅವನ ಮಗಳು ನೋಟ್‌ಬುರ್ಗಾ ಮನಸ್ಸು ಕೊಟ್ಟದ್ದು ರೊಮೇಡ್‌ನ ಮಗ ವಿಗಿಲ್‌ಗೆ. ಹುಡುಗಿಯ ತಂದೆ ಹುಡುಗನ ಮನೆಯಲ್ಲಿ ಕುಳಿತು ರೊಟ್ಟಿ ಮುರಿಯದೆ ಅಲ್ಲಿ ಮದುವೆಯ ಮಾತೇ ಇಲ್ಲ.

ನೋಟ್‌ಬುರ್ಗಾ ಅಳಲಿಲ್ಲ, ಬೇಡಲಿಲ್ಲ, ಬೆಟ್ಟವನ್ನು ನೋಡಿದಳು. ತಮ್ಮ ಕಡೆಯದು ಕಡಿದಾದ ಬಂಡೆಗಳ ದಾರಿ. ಆಚೆಯದು ಹೇಸರಗತ್ತೆ ನಡೆಯುವ ಹುಲ್ಲಿನ ಇಳಿಜಾರು. ನಡುವೆ, ನೆತ್ತಿಯ ಮೇಲೆ, ಫಿಲೊಮೆನಾ ಎಂಬಾಕೆ ದಾರಿಹೋಕರಿಗಾಗಿ ನಡೆಸುವ ತಂಗುಮನೆ. ಅಪ್ಪನಿಗೆ ಹತ್ತಲು ಉಸಿರಿತ್ತು, ಬಂಡೆಗಳ ದಾರಿ ಇಳಿಯಲು ಮಂಡಿ ಇರಲಿಲ್ಲ. ಒಮ್ಮೆ ಹತ್ತಿದನೆಂದರೆ ರಾತ್ರಿ ಅಲ್ಲೇ ತಂಗಬೇಕು. ಬೆಳಿಗ್ಗೆ ಇಳಿಯಬೇಕಾದದ್ದು ಆಚೆಯ ಕಣಿವೆಗೆ. ಅವಳ ಯೋಜನೆ ಇಷ್ಟೇ.

"ಅಪ್ಪಾ, ಫಿಲೊಮೆನಾ ಅತ್ತೆ ಮನೆ ಸೂರು ಸೋರ್ತಿದೆಯಂತೆ. ಹಿಮ ಬೀಳೋಕ್ಮುಂಚೆ ನೀನೇ ಹಲಗೆ ಹೊದಿಸ್ಬೇಕಂತೆ. ಶನಿವಾರ ಹೋಗಿ ರಾತ್ರಿ ಇದ್ದು ಬರೋಣ. ಮಲಗೋಕೆ ಜಾಗ ಹೇಳಿದ್ದೀನಿ."

"ಇನ್ಯಾರು ಬರ್ತಾರೆ?"

"ರೊಮೇಡ್ ಮಾವ, ವಿಗಿಲ್."

ಮಾಂಸ ಕೊಯ್ಯುತ್ತಿದ್ದ ಕಾಸ್ಸಿಯಾನ್‌ನ ಚೂರಿ ನಿಂತಿತು. "ಆಗಲೇ ಮಾವ ಆಗ್ಬಿಟ್ನಾ?"

"ಬಾಯಿಗೆ ರೂಢಿ ಮಾಡ್ಕೋತಿದ್ದೀನಿ."

"ಸೂರು ಮುಗಿಸಿ ಸಂಜೆಗೇ ಇಳೀತೀನಿ ನಾನು."

"ಇಳಿಯಪ್ಪ. ಹೊದಿಕೆ, ಉಣ್ಣೆ ಚಪ್ಪಲಿ ಚೀಲಕ್ಕೆ ಹಾಕಿರ್ತೀನಿ, ಅಷ್ಟೇ."

"ನನ್ನ ಮಂಡಿ ವಿಷ್ಯ ಎತ್ಬೇಡ."

"ನಾನೆಲ್ಲಿ ಎತ್ತಿದೆ?"

ಅವಳು ಚೀಲಕ್ಕೆ ರೊಟ್ಟಿ, ಚೀಸು, ಹೊಗೆಯಲ್ಲಿ ಒಣಗಿಸಿದ ಮಾಂಸ ತುಂಬಿದಳು. ಮೇಲೆ ಅವನ ಒಗೆದ ಅಂಗಿಯನ್ನಿಟ್ಟಳು. ಸೂರು ಹತ್ತಲು ಹಬ್ಬದ ಅಂಗಿ ಏಕೆಂದು ಅವನು ಕೇಳಿದ. "ಮಾರನೇ ದಿನ ಭಾನುವಾರ ಅಲ್ವಾ," ಎಂದಳು. ವಿಗಿಲ್‌ಗೆ ಕಳಿಸಿದ ಮಾತು ಒಂದೇ: ಏನೇ ಆಗಲಿ, ಅಪ್ಪನಿಗೆ ಕೈ ನೀಡಬೇಡ.

ಶನಿವಾರ ಸೂರಿನ ಕೆಲಸ ಮುಗಿಯುವಷ್ಟರಲ್ಲಿ ಕಾಸ್ಸಿಯಾನ್‌ನ ಮಂಡಿಗಳು ಊದಿದ್ದವು. ಇಳಿಯುವ ಮಾತನ್ನು ಅವನು ಎತ್ತಲಿಲ್ಲ. ತಂಗುಮನೆಯಲ್ಲಿ ಎಲ್ಲರಿಗೂ ಸೇರಿ ಉದ್ದನೆಯ ಒಂದೇ ಹಾಸಿಗೆ. ಬಂದ ಸರದಿಯಲ್ಲಿ ಪಕ್ಕಪಕ್ಕ ಮಲಗಬೇಕು. ಅವನ ಹಿಂದೆಯೇ ಬಂದವನು ರೊಮೇಡ್.

"ರಾತ್ರಿಯೆಲ್ಲ ನಿನ್ನ ಹೊಟ್ಟೇಲಿ ನನ್ನ ಟಗರು ಕೂಗ್ತಿತ್ತು," ಎಂದು ಬೆಳಿಗ್ಗೆ ಕಾಸ್ಸಿಯಾನ್ ಹೇಳಿದ. ಅಷ್ಟು ವರ್ಷಗಳಲ್ಲಿ ಅವರ ನಡುವೆ ನಡೆದ ಮೊದಲ ಮಾತು ಅದು.

"ಅದು ನಿನ್ನ ಗೊರಕೆ ಕಣೋ. ನಂಗೆ ನಿದ್ದೆ ಎಲ್ಲಿ ಬಂತು?"

ಕಾಸ್ಸಿಯಾನ್ ಚೀಲ ಹೊತ್ತು ನೇರವಾಗಿ ಬಂಡೆಗಳ ಕಡೆಗೇ ನಡೆದ. ನೋಟ್‌ಬುರ್ಗಾ ಕರೆಯಲಿಲ್ಲ. ಮೊದಲ ಬಂಡೆಗೆ ಕಾಲಿಟ್ಟ, ಮಂಡಿ ಬಾಗಲಿಲ್ಲ. ಕೋಲೂರಿ ನಿಂತ. ವಿಗಿಲ್ ಕೈಕಟ್ಟಿಕೊಂಡೇ ಇದ್ದ. ರೊಮೇಡ್ ತನ್ನ ಕಡೆಯ ಇಳಿಜಾರಿನ ಮೇಲೆ, ಬೂಟಿನ ದಾರ ಬಿಗಿಯುತ್ತ, ಬೇಕೆಂದೇ ತಡಮಾಡುತ್ತಿದ್ದ.

ಕಾಸ್ಸಿಯಾನ್ ತಿರುಗಿದ. "ನೀನು ಹುಟ್ಟೋ ಮುಂಚಿಂದ ಈ ಬೆಟ್ಟ ಹತ್ತಿದೀನಿ ಮಗಳೇ. ಯಾವ ಕಡೆ ಇಳಿಯೋದಾಗತ್ತೆ ಅಂತ ಮನೆ ಬಿಡುವಾಗ್ಲೇ ಗೊತ್ತಿತ್ತು."

"ಗೊತ್ತಿದೆ ಅಂತ ನಂಗೂ ಗೊತ್ತಿತ್ತಪ್ಪ."

ಅವನು ಇಳಿಜಾರಿನ ಕಡೆಗೆ ಬಂದು ರೊಮೇಡ್‌ನ ಪಕ್ಕ ನಿಂತ. "ನಿಮ್ಮನೆ ರೊಟ್ಟಿ ಮೆತ್ತಗೋ, ಗಟ್ಟಿಯೋ?"

"ಕಲ್ಲು."

"ನಡಿ. ಹಲ್ಲಿಗೇನೂ ಆಗಿಲ್ಲ ನಂಗೆ."

ಇಷ್ಟು ಹೇಳಿ ಕ್ರೆಸೆನ್ಸಿಯಾ ಹಾಲಿನ ಹಂಡೆಯ ಕೆಳಗಿನ ಕೆಂಡವನ್ನು ಬೂದಿಯಿಂದ ಮುಚ್ಚಿದಳು. ಕೇಳಿದವರು ಎದ್ದು, ಕೋಟು ಹಾಕಿಕೊಂಡು, ತಮ್ಮ ತಮ್ಮ ಮನೆಗೆ ಹೋದರು.