ಬಂದೂಕು ತರುವ ಮುನ್ನ ಕೇಳಬೇಕಾದ ಮಾತು

2009ರಲ್ಲಿ ಅಮೆರಿಕದ ಬೆಲ್ವ್ಯೂ, ಕರ್ಕ್‌ಲ್ಯಾಂಡ್ ಕಡೆಯ ನಮ್ಮವರ ಮನೆಗಳಲ್ಲಿ ಎರಡೇ ಸುದ್ದಿ. ಯಾರ ಕೆಲಸ ಹೋಯಿತು, ಯಾರ ಮನೆಗೆ ಕಳ್ಳರು ನುಗ್ಗಿ ಒಡವೆ ಹೊತ್ತೊಯ್ದರು. ಟೋಟೆಮ್ ಲೇಕ್ ಹತ್ತಿರದ ಜಾಹ್ನವಿಗೆ ಎರಡೂ ಒಂದೇ ತಿಂಗಳಲ್ಲಿ ಬಾಗಿಲಿಗೆ ಬಂದವು. ಹಿಂದಿನ ಬೀದಿಯ ಮನೆಯಲ್ಲಿ ಕಳವಾಯಿತು. ಗಂಡ ಅಶ್ವತ್ಥನ ಚಿಕ್ಕಮ್ಮನ ಮಗ ಚೇತನ್ ಕೆಲಸ ಕಳೆದುಕೊಂಡು, ಅಪಾರ್ಟ್‌ಮೆಂಟ್ ಬಿಟ್ಟು, ಎರಡು ಸೂಟ್‌ಕೇಸ್ ಹಿಡಿದು ಇವರ ಮನೆಗೆ ಬಂದ.

ಕಳ್ಳರಿಗೆ ಅಶ್ವತ್ಥ ಒಂದು ಉತ್ತರ ಹುಡುಕಿಕೊಂಡಿದ್ದ.

"ಗ್ರೀನ್ ಕಾರ್ಡ್ ಬಂದಾಯ್ತು, ಇನ್ನೇನು ಅಡ್ಡಿ? ಶನಿವಾರ ಹೋಗಿ ಒಂದು ಸೆಮಿ ಆಟೋಮ್ಯಾಟಿಕ್ ರೈಫಲ್ ತಂದುಬಿಡ್ತೀನಿ," ಎಂದ ಊಟಕ್ಕೆ ಕೂತಾಗ.

"ಜಿರಳೆ ಕಂಡ್ರೆ ಸೋಫಾ ಹತ್ತೋರು ನೀವು," ಎಂದಳು ಜಾಹ್ನವಿ.

"ನಗು, ನಗು. ಬಂದೂಕಿನ ಕಾನೂನು ಬದಲಾದ್ರೆ ಆಮೇಲೆ ಸಿಗೋದೇ ಇಲ್ಲ ಅಂತ ಆಫೀಸಲ್ಲಿ ಎಲ್ಲಾ ಹೇಳ್ತಿದಾರೆ. ಅಂಗಡೀಲಿ ಆಗ್ಲೇ ನೂಕುನುಗ್ಗಲಂತೆ, ತಗೊಳ್ಳೋದಾದ್ರೆ ಈಗ್ಲೇ."

ಒಂದು ಸಲ ಒತ್ತಿದರೆ ಒಂದು ಗುಂಡು, ಮುಂದಿನದು ತಾನಾಗಿಯೇ ಬಂದು ಸಿದ್ಧವಾಗುತ್ತದೆ. ಆ ರೈಫಲ್ ಬಗ್ಗೆ ಜಾಹ್ನವಿಗೆ ಗೊತ್ತಿದ್ದದ್ದು ಇಷ್ಟೇ.

"ಎಲ್ಲಿ ಇಡ್ತೀರಿ ಅದನ್ನ?"

"ಉಕ್ಕಿನ ಬೀರು ತರ್ತೀನಿ. ಒಂದು ಕೀ ನನ್ನ ಹತ್ರ, ಇನ್ನೊಂದು ಚೇತು ಹತ್ರ. ಹಗಲೆಲ್ಲ ಮನೇಲಿ ಇರೋನು ಅವನೇ ತಾನೆ?"

ಚೇತನ್ ತಟ್ಟೆಯ ಅನ್ನವನ್ನು ಬೆರಳಿನಿಂದ ಅಂಚಿಗೆ ಸರಿಸಿದ. "ನಂಗ್ಯಾಕಣ್ಣ ಕೀ?"

"ಮನೆಯವನೇ ಅಲ್ವೇನೋ ನೀನು. ನಿನ್ನಿಂದ ಬಚ್ಚಿಡೋದು ಏನಿದೆ?"

ಅಶ್ವತ್ಥ ಪ್ರೀತಿಯಿಂದಲೇ ಹೇಳಿದ್ದ. ಕೆಲಸ ಹೋದ ಹುಡುಗನಿಗೆ ತಾನು ಹೊರಗಿನವನು ಅನ್ನಿಸಬಾರದೆಂದು ಮನೆಯ ಕೀ, ಕಾರಿನ ಕೀ ಆಗಲೇ ಕೊಟ್ಟಿದ್ದ. ಚೇತನ್ ಸಣ್ಣಗೆ ನಕ್ಕ. ಆ ನಗು ಜಾಹ್ನವಿಗೆ ಹಿಡಿಸಲಿಲ್ಲ. ಯಾಕೆಂದು ಕೇಳಿದರೆ ಹೇಳಲು ಅವಳಿಗೂ ತಿಳಿಯುತ್ತಿರಲಿಲ್ಲ.

ಶುಕ್ರವಾರ ಸಂಜೆ, ಚೇತನ್ ವಾಕಿಂಗ್ ಹೋಗಿದ್ದಾಗ, ಮಧುಶ್ರೀ ಕಾಫಿಗೆ ಬಂದಳು. ಮೈಸೂರಿನವಳು, ಜಾಹ್ನವಿಯ ಗೆಳತಿ, ಇಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ರೈಫಲ್ ಸುದ್ದಿ ಕೇಳಿ ಅವಳು ಗಾಬರಿಯಾಗಲಿಲ್ಲ.

"ನಮ್ಮನೇಲೂ ಇದೆ ಕಣೇ. ಮೊದಲು ಕ್ಲಾಸಿಗೆ ಹೋಗಿ ಕಲಿತ್ವಿ, ಆಮೇಲೆ ತಂದ್ವಿ. ಬಂದೂಕು ಖಾಲಿ ಮಾಡಿ ಬೀಗ ಹಾಕ್ತೀವಿ. ಗುಂಡು ಬೇರೆ ಕಡೆ, ಅದಕ್ಕೂ ಬೀಗ. ನನ್ನ ತಮ್ಮ ಬಂದಾಗ ಅವನಿಗೂ ಬೀರು ಬೀಗದ ನಂಬರ್ ಹೇಳಲಿಲ್ಲ. ಮುಖ ಊದಿಸ್ಕೊಂಡ. ಊದಿಸ್ಕೊಳ್ಲಿ."

"ಇವರು ಚೇತನ್‌ಗೇ ಒಂದು ಕೀ ಕೊಡ್ತಾರಂತೆ."

"ಅವನು ಎಚ್-1 ಅಲ್ವಾ? ವೀಸಾದಲ್ಲಿರೋರ ಕೈಗೆ ಬಂದೂಕು ಸಿಗೋದಕ್ಕೆ ಕಾನೂನಿನ ತೊಡಕು ಬೇರೆ ಇದೆ, ವಿಚಾರಿಸ್ಕೊಳ್ಳಿ. ಅದಿರ್ಲಿ, ಹೇಗಿದಾನೆ ಅವನು?"

"ಪಾಪ, ಊರಿಗೆ ಹೊರಡೋ ತಯಾರಿ. ರೈಸ್ ಕುಕ್ಕರ್, ಹಾಸಿಗೆ, ಕ್ರಿಕೆಟ್ ಬ್ಯಾಟು ಎಲ್ಲಾ ಹಂಚಿಬಿಟ್ಟ. ನಿನ್ನೆ ಕ್ಯಾಮೆರಾನೂ ತಂದು, ಇಟ್ಕೊಳ್ಳಿ ಅತ್ತಿಗೆ ಅಂದ."

ಊರಿಗೆ ಮರಳುವವರು ಸಾಮಾನು ಹಂಚುವುದು ಇಲ್ಲಿ ಹೊಸದಲ್ಲ. ಆ ವರ್ಷವಂತೂ ವಾರಕ್ಕೊಬ್ಬರು ಪಟ್ಟಿ ಮಾಡಿ ಇಮೇಲ್ ಕಳಿಸುತ್ತಿದ್ದರು. ಯಾರೂ ಅದನ್ನು ವಿಶೇಷವೆಂದು ನೋಡುತ್ತಿರಲಿಲ್ಲ. ಮಧುಶ್ರೀ ಮಾತ್ರ ಕಾಫಿ ಲೋಟ ಕೆಳಗಿಟ್ಟಳು.

"ಟಿಕೆಟ್ ಯಾವತ್ತಿಗೆ?"

"ಅದೇ ಗೊತ್ತಿಲ್ಲ," ಎಂದಳು ಜಾಹ್ನವಿ. ಬಂದು ಮೂರು ವಾರವಾದರೂ ಚೇತನ್ ಟಿಕೆಟ್ಟಿನ ಮಾತೇ ಎತ್ತಿರಲಿಲ್ಲ. ಊರಿಗೆ ಬರುತ್ತೇನೆಂದು ತನ್ನ ಅಮ್ಮನಿಗೂ ಹೇಳಿರಲಿಲ್ಲ. ಕೆಲಸ ಹೋದದ್ದೇ ಆ ತಾಯಿಗೆ ತಿಳಿದಿರಲಿಲ್ಲ.

"ನಿದ್ದೆ ಮಾಡ್ತಾನಾ?" ಎಂದು ಕೇಳಿದಳು ಮಧುಶ್ರೀ.

"ರಾತ್ರಿಯೆಲ್ಲ ಓಡಾಡೋ ಸದ್ದು ಕೇಳಿಸ್ತಿರುತ್ತೆ."

"ಟಿಕೆಟ್ಟಿನ ಸುದ್ದಿಯಿಲ್ಲ, ಸಾಮಾನೆಲ್ಲ ಹಂಚ್ತಿದಾನೆ, ನಿದ್ದೆ ಇಲ್ಲ. ನೇರವಾಗಿ ಕೇಳಿಬಿಡು ಜಾಹ್ನವಿ. ಸಾಯೋ ಯೋಚನೆ ಬರ್ತಿದೆಯಾ ಅಂತ."

"ಅಯ್ಯೋ, ಇಲ್ಲದ್ದನ್ನ ನಾವೇ ತಲೆಗೆ ತುಂಬಿದ ಹಾಗಾಗಲ್ವಾ?"

"ಆಗಲ್ಲ. ಕೇಳೋದ್ರಿಂದ ಆ ಯೋಚನೆ ಹುಟ್ಟಲ್ಲ, ಇದ್ದೋರಿಗೆ ಹೇಳ್ಕೊಳ್ಳೋಕೆ ದಾರಿಯಾಗುತ್ತೆ. ಇನ್ನೊಂದು ಕೇಳು. ಆ ಕೆಟ್ಟ ಗಳಿಗೆ ಬಹಳ ಹೊತ್ತು ನಿಲ್ಲಲ್ಲ. ದಾಟಿದೋರು ಎಷ್ಟೋ ಜನ ಬದುಕಿ ಬಾಳ್ತಾರೆ. ಕೈಗೆ ಬಂದೂಕು ಸಿಕ್ರೆ ದಾಟೋಕೆ ಸಮಯವೇ ಇರಲ್ಲ." ಮಧುಶ್ರೀ ಅವಳ ಕೈ ಹಿಡಿದಳು. "ನಾನು ಬಂದು ಕೇಳ್ಲಾ?"

"ಬೇಡ, ನಾನೇ ಕೇಳ್ತೀನಿ. ನೀನು ಫೋನ್ ಹತ್ರ ಇರು."

ಶನಿವಾರ ಬೆಳಿಗ್ಗೆ ಚೇತನ್ ಅಡುಗೆಮನೆಯ ಮೇಜಿನ ಮುಂದೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ. ಬಂದೂಕಿನ ಅಂಗಡಿಗೆ ಹೊರಟ ಅಶ್ವತ್ಥ ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತಿದ್ದ. ಜಾಹ್ನವಿ ಆ ಒಂದು ವಾಕ್ಯವನ್ನು ಮನಸ್ಸಿನಲ್ಲೇ ನಾಲ್ಕು ಸಲ ಹೇಳಿಕೊಂಡಿದ್ದಳು. ಒಲೆ ಆರಿಸಿ ಬಂದು ಅವನ ಪಕ್ಕದಲ್ಲಿ ಕೂತಳು.

"ಚೇತನ್, ಬೇಜಾರು ಮಾಡ್ಕೋಬೇಡ. ಸಾಯಬೇಕು ಅಂತ ಅನ್ನಿಸ್ತಿದೆಯಾ?"

ಅವನ ಬೆರಳುಗಳು ನಿಂತವು. ಸಿಪ್ಪೆಯನ್ನೆಲ್ಲ ಒಂದು ಗುಡ್ಡೆ ಮಾಡಿದ. ಮತ್ತೆ ಹರಡಿದ. ಆಮೇಲೆ ತಲೆ ಎತ್ತದೆ ಹೇಳಿದ.

"ದಿನಾ ಅಲ್ಲ ಅತ್ತಿಗೆ."

ಒಂದೇ ಕಾಲಿಗೆ ಶೂ ಹಾಕಿದ್ದ ಅಶ್ವತ್ಥ ಇದ್ದಲ್ಲೇ ನಿಂತ.

"ಅಣ್ಣನಿಗೆ ಅದನ್ನ ತರಬೇಡ ಅನ್ನಿ," ಎಂದ ಚೇತನ್, ಅಣ್ಣ ಅಲ್ಲೇ ಇದ್ದಾನೆಂದು ಗೊತ್ತಿದ್ದರೂ. "ನಾನು ಇಲ್ಲಿರೋವರೆಗೆ. ಕೀ ಕೊಡ್ತೀನಿ ಅಂದಾಗಿನಿಂದ ತಲೇಲಿ ಅದೇ ಓಡ್ತಿದೆ. ನಂಗೇ ಹೆದರಿಕೆ ಆಗ್ತಿದೆ."

ಅಶ್ವತ್ಥ ಕುಂಟುತ್ತ ಬಂದು ಅವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ.

"ತರಲ್ಲ ಕಣೋ."

"ಆಮೇಲೆ ಸಿಗೋದೇ ಇಲ್ಲ ಅಂದ್ಯಲ್ಲ."

"ಸಿಗದಿದ್ರೆ ಹೋಗ್ಲಿ. ಒಡವೆ ಬ್ಯಾಂಕ್ ಲಾಕರ್‌ನಲ್ಲಿಡೋಣ, ಬಾಗಿಲಿಗೆ ಅಲಾರಂ ಹಾಕ್ಸೋಣ. ನೀನು ಇರು. ಊರಿಗೆ ಹೋಗೋ ದಿನ ಬಂದ್ರೆ ಜೊತೇಲಿ ನಾನೂ ಬರ್ತೀನಿ. ಕೆಲಸ ಹೋಗಿರೋದನ್ನ ಚಿಕ್ಕಮ್ಮಂಗೆ ನಾನೇ ಹೇಳ್ತೀನಿ."

ಚೇತನ್ ಆಗ ಅತ್ತ. ಜಾಹ್ನವಿ ಅವನನ್ನು ಸಮಾಧಾನ ಮಾಡಲು ಹೋಗದೆ ಅವನ ಬೆನ್ನ ಮೇಲೆ ಕೈ ಇಟ್ಟು ಕೂತಳು. ಫೋನ್ ಮಾಡಿದ ಸ್ವಲ್ಪ ಹೊತ್ತಿಗೆ ಮಧುಶ್ರೀ ಬಂದಳು. ಅವಳೇ ಆತ್ಮಹತ್ಯೆ ತಡೆಯುವ ಸಹಾಯವಾಣಿಗೆ ಕರೆ ಮಾಡಿ ಫೋನನ್ನು ಅವನ ಕೈಗೆ ಕೊಟ್ಟಳು. ಸೋಮವಾರ ಅಶ್ವತ್ಥ ರಜೆ ಹಾಕಿ ಅವನನ್ನು ಡಾಕ್ಟರ ಬಳಿ ಕರೆದೊಯ್ದ. ಚೇತನ್ ಒಂದು ದಿನದಲ್ಲಿ ಗುಣವಾಗಲಿಲ್ಲ. ಆದರೆ ಅಂದಿನಿಂದ, ಮನಸ್ಸು ಕೆಟ್ಟ ದಿನ ಬಂದು ಹೇಳುತ್ತಿದ್ದ: "ಅತ್ತಿಗೆ, ಇವತ್ತು ಸರಿ ಇಲ್ಲ." ಆಗ ಮೂವರಲ್ಲಿ ಒಬ್ಬರು ಅವನ ಜೊತೆಗಿರುತ್ತಿದ್ದರು.

ಅಣ್ಣಂದಿರೇ, ಅಕ್ಕಂದಿರೇ, ಬಂದೂಕು ಕೊಳ್ಳುವುದೂ ಬಿಡುವುದೂ ನಿಮ್ಮ ತೀರ್ಮಾನ. ಯಾವಾಗ ಎಂಬುದನ್ನು ಮಾತ್ರ ಅಂಗಡಿಯ ನೂಕುನುಗ್ಗಲಿಗೆ, ಆಫೀಸಿನ ಮಾತಿಗೆ ಬಿಡಬೇಡಿ. ಮನೆಯಲ್ಲಿ ಯಾರಾದರೂ ನೊಂದಿದ್ದರೆ ಅದು ಬಂದೂಕು ತರುವ ಕಾಲವಲ್ಲ. ಆಗಲೇ ಇದ್ದರೆ, ಆ ದಿನಗಳು ಕಳೆಯುವವರೆಗೆ ಕಾನೂನು ಒಪ್ಪುವ ರೀತಿಯಲ್ಲಿ ಮನೆಯಿಂದ ಹೊರಗಿಡಿಸಿ. ಬೀಗ ಹಾಕುವುದು ಯಾರಿಗೂ ಅವಮಾನವಲ್ಲ, ನಮ್ಮವರಿಗೂ ಅಲ್ಲ. ಯಾರಿಗಾದರೂ ಸಾಯುವ ಯೋಚನೆಯಿದೆ ಎಂಬ ಅನುಮಾನ ಬಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಸಹಾಯವಾಣಿಗೋ ತುರ್ತು ಸಂಖ್ಯೆ 911ಕ್ಕೋ ಕರೆ ಮಾಡಿ. ಆ ಪ್ರಶ್ನೆ ಕೇಳಲು ಸಂಕೋಚವಾಗುತ್ತದೆ. ಆದರೂ ಕೇಳಿ.