ಸೂಜಿಯಿಲ್ಲದ ಮನೆ

ನಾನು ಬಸುರಿ ಎಂದು ತಿಳಿದ ದಿನವೇ ಅತ್ತೆ ಮನೆಯ ಸೂಜಿ, ಕತ್ತರಿಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಗೆ ತುಂಬಿ ಪಕ್ಕದ ಮನೆಗೆ ಕೊಟ್ಟುಬಿಟ್ಟರು. ತೈವಾನಿನ ತೈನಾನ್ ಊರಿನ ನಮ್ಮ ಓಣಿಯಲ್ಲಿ ಇದು ಹೊಸದಲ್ಲ. ಬಸುರಿಯಿರುವ ಮನೆಯಲ್ಲಿ ಗರ್ಭದ ದೇವರು ದಿನಕ್ಕೊಂದು ಕಡೆ ಕೂರುತ್ತಾನೆ; ಅವನು ಕೂತಲ್ಲಿ ಚುಚ್ಚಿದರೆ ಮಗುವಿಗೆ ತಾಗುತ್ತದೆ. ಮಗಳು ಸಿನ್-ಯೂಳ ಶಾಲೆಯ ಅಂಗಿಯ ಗುಂಡಿ ಕಿತ್ತುಹೋದಾಗ ನಾನು ಅಂಟುಪಟ್ಟಿ ಹಚ್ಚಿ ಕಳಿಸಿದೆ.

ರಕ್ತ ಪರೀಕ್ಷೆಯಲ್ಲಿ ಮಗುವಿನ ವರ್ಣತಂತುಗಳ ಫಲಿತಾಂಶ ಸ್ಪಷ್ಟವಾಗಿ ಬರಲಿಲ್ಲ. ಮತ್ತೆ ರಕ್ತ ಕೊಟ್ಟೆ, ಆಗಲೂ ಹಾಗೆಯೇ. ಹೊಟ್ಟೆಗೆ ಸೂಜಿ ಹಾಕಿ ಗರ್ಭದ ನೀರು ತೆಗೆದು ನೋಡಬೇಕು ಎಂದರು ಡಾಕ್ಟರು.

ಗಂಜಿ ಕಲಕುತ್ತಿದ್ದ ಅತ್ತೆಯ ಸೌಟು ನಿಂತಿತು.

"ಗುಂಡಿ ಹೊಲಿಯೋಕೆ ಬಿಡದವಳು ನಾನು. ಅವರು ಹೊಟ್ಟೆಗೇ ಚುಚ್ತಾರಂತಾ?"

"ಹೌದಮ್ಮಾ."

"ಯಾವತ್ತು?"

"ಮಂಗಳವಾರ."

ಕನ್ನಡಕ ಹುಡುಕಿ ಪಂಚಾಂಗ ತಿರುವಿದರು. "ಮಂಗಳವಾರ ದೇವರು ಹಾಸಿಗೇಲಿ. ಹಾಸಿಗೆ ಮೇಲೆ ಮಲಗಿಸೇ ತಾನೆ ಚುಚ್ಚೋದು? ಬೇಡ ಆ-ವೆನ್."

ವಾದಿಸಲು ನನ್ನಲ್ಲಿ ತ್ರಾಣವಿರಲಿಲ್ಲ. ಪಾತ್ರೆ ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು, ಕೈ ಒರೆಸಿಕೊಂಡು ಆಸ್ಪತ್ರೆಗೆ ಫೋನ್ ಮಾಡಿದೆ. ನರ್ಸ್ ನಗಲಿಲ್ಲ.

"ಪಂಚಾಂಗಾನಾ? ಗುರುವಾರ ಜಾಗ ಇದೆ, ಕೇಳಿ ನೋಡಿ."

ಅತ್ತೆ ಬೆರಳಿಟ್ಟು ಓದಿದರು. "ಗುರುವಾರ ಬಾಗಿಲಲ್ಲಿ. ಆಸ್ಪತ್ರೆ ಬಾಗಿಲು ತಾನೇ ತೆಗೆದುಕೊಳ್ಳುತ್ತೆ, ಯಾರೂ ಮುಟ್ಟಲ್ಲ. ಆಗಬಹುದು ಅನ್ನು."

ಸೂಜಿ ಒಳಗೆ ಹೋದಾಗ ಪರದೆಯ ಮೇಲೆ ಮಗು ಕೈ ಆಡಿಸಿತು. ಹೊರಗೆ ಬಂದರೆ ಅತ್ತೆ ಬಾಗಿಲ ಪಕ್ಕದಲ್ಲೇ ನಿಂತಿದ್ದರು, ಕುರ್ಚಿಗಳು ಖಾಲಿಯಿದ್ದವು.

ಆಮೇಲೆ ಕಾಯುವುದು. ಬಟ್ಟೆ ಒಣಹಾಕುವಾಗ, ಮೀನು ತೊಳೆಯುವಾಗ ಕಿವಿ ಫೋನಿನ ಕಡೆಗೇ. ಮಗು ಸರಿಯಿಲ್ಲದಿದ್ದರೆ ಎಂಬ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಗಂಡ ಕೆಲಸದಿಂದ ಬಂದವನೇ ನನ್ನ ಮುಖ ನೋಡುತ್ತಿದ್ದ. ನಾನು ಫೋನ್ ಬಂದಿಲ್ಲವೆಂದು ತಲೆಯಾಡಿಸುತ್ತಿದ್ದೆ.

ಫೋನ್ ಬಂದಾಗ ಅಕ್ಕಿ ತೊಳೆಯುತ್ತಿದ್ದೆ. ಮಗುವಿನ ವರ್ಣತಂತುಗಳು ಸರಿಯಿವೆ, ಗೊಂದಲವಿದ್ದದ್ದು ಮಗುವನ್ನು ಪೋಷಿಸುವ ಮಾಸಿನಲ್ಲಿ ಎಂದರು. ಅಲ್ಲೇ ನೆಲದ ಮೇಲೆ ಕುಳಿತೆ. ಸಂತೋಷಕ್ಕಿಂತ ಮೊದಲು ನಿದ್ದೆ ಬಂದ ಹಾಗಾಯಿತು.

"ಮಗು ಚೆನ್ನಾಗಿದೆಯಂತೆ ಅಮ್ಮಾ. ಇನ್ನಾದರೂ ಆ ಡಬ್ಬಿ ತರ್ಲಾ? ಸಿನ್-ಯೂ ಅಂಗಿ ನೋಡೋಕಾಗಲ್ಲ."

ಅತ್ತೆ ಬಗ್ಗಿ ನನ್ನ ಕೈಯಿಂದ ಅಕ್ಕಿಯ ಪಾತ್ರೆ ತೆಗೆದುಕೊಂಡರು.

"ಹೆರಿಗೆ ಆಗ್ಲಿ. ಗುಂಡಿ ನಾನೇ ಪಕ್ಕದ ಮನೇಲಿ ಕೂತು ಹೊಲ್ಕೊಂಡು ಬರ್ತೀನಿ. ನೀನು ಹೋಗಿ ಮಲಕ್ಕೋ. ಇವತ್ತು ದೇವರು ಬೀಸೋಕಲ್ಲಿನ ಹತ್ರ ಇದ್ದಾನೆ, ಹಾಸಿಗೆ ಖಾಲಿ."