ಜಾಲಿ ಮರದ ಮೂರು ಗಾಲಿ

"ಮುರ್ದೋಗೈತಕ್ಕ," ಎಂದಳು ಸುಪ್ರಿಯಾ.

ಹೇಳಿದ ಮೇಲೆ ಅವಳಿಗೇ ಅಚ್ಚರಿಯಾಯಿತು. ನಾಲ್ಕು ಜನರ ಮುಂದೆ ಬಾಯಿ ತೆರೆಯಬೇಕೆಂದರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುವ ಹೆಣ್ಣು ಅವಳು. ರೇಷನ್ ಅಂಗಡಿಯಲ್ಲಿ ತನ್ನ ಹೆಸರು ಕೂಗಿದರೂ ಎರಡನೇ ಸಲ ಕೂಗುವ ತನಕ ಮುಂದೆ ಬರುತ್ತಿರಲಿಲ್ಲ. ಅಂಥವಳ ಬಾಯಿಂದ ಈ ಸುಳ್ಳು ಮಾತ್ರ ಎಣ್ಣೆ ಸವರಿದ ಹಾಗೆ ಜಾರಿ ಬಂದಿತ್ತು.

ನೇತ್ರಾವತಿ ಮೆಟ್ಟಿಲ ಕೆಳಗೆ ನಿಂತಿದ್ದಳು. ಸೊಂಟದ ಮೇಲೆ ಮಗ ಗೋವರ್ಧನ. ಮುಂದಿನ ತಿಂಗಳಿಗೆ ಮೂರು ತುಂಬುವ ಹುಡುಗ, ಕಾಲುಗಳು ಅವ್ವನ ಮೊಣಕಾಲಿನವರೆಗೆ ಇಳಿಬಿದ್ದಿದ್ದವು. ಬಿಸಿಲಲ್ಲಿ ನಡೆದು ಬಂದ ಅವಳ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು.

"ಅಯ್ಯೋ, ಯಾವಾಗ ಮುರೀತೇ?"

"ನಿನ್ನೆ... ಗಾಲಿ ಹೋಗೈತೆ."

"ದುರ್ಗದ ಡಾಕ್ಟ್ರು ಹೇಳಿದ್ರು ಕಣೇ. ಈಗ ಗ್ವಾಡೆ ಹಿಡ್ಕಂಡು ನಿಲ್ತಾನಲ್ಲ, ಏನಾರ ತಳ್ಳಂಗೆ ಮಾಡಿ ಅಂತ. ನಿಮ್ಮ ಚಿನ್ನೀದು ಪಾಳಿ ಮುಗಿದಿಲ್ಲ, ನಂಗೊತ್ತು. ಸಂಜೆ ಒಂದು ತಾಸು ಕೊಟ್ರೆ ಸಾಕಿತ್ತು." ನೇತ್ರಾವತಿ ಮಗನನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. ಆಮೇಲೆ ಅವಳ ಮುಖ ಅರಳಿತು. "ಹೋಗ್ಲಿ ಬಿಡು, ಅದಕ್ಕೇನು! ಮಾಡಿದೋರು ಮನೇಲೇ ಕುಂತವ್ರಲ್ಲ. ಮಾವಂಗೆ ಹೇಳ್ತೀನಿ, ಸಂಜೆ ಬಂದು ನೋಡ್ತಾರೆ."

ಸುಪ್ರಿಯಾ ತಲೆಯಾಡಿಸಿದಳು. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಗಾಡಿ ಅವಳ ಬೆನ್ನ ಹಿಂದೆ, ನಡುಮನೆಯ ರಾಗಿ ಚೀಲದ ಮರೆಯಲ್ಲಿ, ಎಲ್ಲ ಗಾಲಿಗಳೊಂದಿಗೆ ನೆಟ್ಟಗೆ ನಿಂತಿತ್ತು.

ಬಾಗೂರಿನ ಆ ಓಣಿಯಲ್ಲಿ ಇದ್ದದ್ದು ಒಂದೇ ತಳ್ಳುಗಾಡಿ. ಕೂಸು ಹಿಡಿದು ನಿಲ್ಲಲು ಒಂದು ಅಡ್ಡಪಟ್ಟಿ, ಕೆಳಗೆ ಮೂರು ಗಾಲಿ. ಉರುಳಿದರೆ ಮುಂದಿನ ಎರಡು ಮರದ ತುಂಡು ಟಕಟಕ ಬಡಿದುಕೊಳ್ಳುತ್ತಿದ್ದವು. ನೇತ್ರಾವತಿಯ ಮಾವ ಮುರುಗಪ್ಪ ಮೂವತ್ತೈದು ವರ್ಷದ ಹಿಂದೆ ಜಾಲಿ ಮರದಲ್ಲಿ ಮಾಡಿದ್ದು. ಕೆಂಪು ಹಸಿರು ಬಣ್ಣವೆಲ್ಲ ಯಾವಾಗಲೋ ಹೋಗಿ, ಅಡ್ಡಪಟ್ಟಿ ಕೂಸುಗಳ ಅಂಗೈ ತಾಗಿ ತಾಗಿ ಹುಣಸೆಬೀಜದ ಹಾಗೆ ಹೊಳೆಯುತ್ತಿತ್ತು. ಸುಪ್ರಿಯಾಳ ಗಂಡ ಜುಂಜೇಶ್ ನಡೆಯಲು ಕಲಿತದ್ದೂ ಇದರಲ್ಲೇ. ಹೊಸದುರ್ಗದಿಂದ ಅವನು ಮಗಳಿಗೆ ಹಾಡು ಹೇಳುವ ಪ್ಲಾಸ್ಟಿಕ್ ವಾಕರ್ ತಂದಿದ್ದ. ಸೆಲ್ ಮುಗಿದ ಮೇಲೆ ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದರು.

ಗಾಡಿಯನ್ನು ಯಾರೂ ಕೇಳಿ ತರುವುದಾಗಲಿ ಹೊತ್ತು ಕೊಡುವುದಾಗಲಿ ಇರಲಿಲ್ಲ. ನಡೆಯಲು ಕಲಿತ ಕೂಸೇ ಅದನ್ನು ತಳ್ಳಿಕೊಂಡು ಹೋಗಿ ಮುಂದಿನ ಪಾಳಿಯ ಮನೆಗೆ ಮುಟ್ಟಿಸಬೇಕು, ಆ ಮನೆಯವರು ಕೂಸಿನ ಬಾಯಿಗೆ ಬೆಲ್ಲ ಇಡಬೇಕು. ಓಣಿಯ ಪದ್ಧತಿ ಅದು. ಗೋವರ್ಧನನ ಪಾಳಿ ಒಂದೂವರೆ ವರ್ಷದ ಹಿಂದೆ ಬಂದಿತ್ತು. ಆಗ ಅವನಿಗೆ ಕೂರುವುದೇ ಬರುತ್ತಿರಲಿಲ್ಲ. ಎರಡು ತಿಂಗಳು ಅವರ ಪಡಸಾಲೆಯಲ್ಲಿ ಸುಮ್ಮನೆ ನಿಂತಿದ್ದ ಗಾಡಿಯನ್ನು ಮುರುಗಪ್ಪನೇ ಒಂದು ದಿನ ಎತ್ತಿಕೊಂಡು ಹೋಗಿ ವೀರಮ್ಮನ ಮನೆಗೆ ಕೊಟ್ಟು ಬಂದಿದ್ದ.

ಆಮೇಲಿಂದ ನಲ್ಲಿಯ ಹತ್ತಿರ ಮಾತು ಹುಟ್ಟಿತು. ಆ ಹುಡುಗ ಹಿಡಿದದ್ದನ್ನು ನಮ್ಮ ಮಕ್ಕಳು ಹಿಡಿದರೆ ಅವನ ಕಾಲಿನ ದೋಷ ಅಂಟುತ್ತದಂತೆ. ಯಾರು ಮೊದಲು ಹೇಳಿದರೋ. ಸುಪ್ರಿಯಾ ಕೊಡ ತುಂಬುವ ತನಕ ಕೇಳಿಸಿಕೊಂಡು ನಿಲ್ಲುತ್ತಿದ್ದಳು, ಹೌದು ಎನ್ನುತ್ತಿರಲಿಲ್ಲ, ಅಲ್ಲ ಎಂದೂ ಅನ್ನುತ್ತಿರಲಿಲ್ಲ. ಆದರೆ ಒಮ್ಮೆ ಗೋವರ್ಧನ ಚಿನ್ನಿಯ ಬೆರಳು ಹಿಡಿದುಕೊಂಡಿದ್ದಾಗ, ಮನೆಗೆ ಬಂದು ಸೋಪು ಹಚ್ಚಿ ಮಗಳ ಕೈ ತೊಳೆದಿದ್ದಳು. ಎರಡು ಸಲ. ಹೆರಿಗೆ ನೋವಿನ ದಿನ ಆಟೋದಲ್ಲಿ ಬಾಗೂರಿಂದ ಹೊಸದುರ್ಗದವರೆಗೆ ತನ್ನ ಕೈ ಹಿಡಿದು ತೊಡೆಯ ಮೇಲಿಟ್ಟುಕೊಂಡು ಬಂದವಳು ನೇತ್ರಾವತಿಯೇ ಎಂಬುದು ಆಗ ನೆನಪಾಗಿತ್ತು. ನೆನಪಾದರೂ ತೊಳೆದಿದ್ದಳು.

ಚಿನ್ನಿಗೆ ಈಗ ಹನ್ನೊಂದು ತಿಂಗಳು. ಇವತ್ತೋ ನಾಳೆಯೋ ಹೆಜ್ಜೆ ಇಡುವ ಹಾಗಿದ್ದಳು.

ಅತ್ತೆ ಜಯಕ್ಕ ಕೂಲಿಗೆ ಹೋಗಿದ್ದಳು. ಜುಂಜೇಶ್ ಲಗೇಜ್ ಆಟೋ ತೆಗೆದುಕೊಂಡು ಮಾಡದಕೆರೆ ಕಡೆ ಹೋಗಿದ್ದ. ನೇತ್ರಾವತಿ ಅತ್ತ ಹೋದೊಡನೆ ಸುಪ್ರಿಯಾ ಚಿನ್ನಿಯನ್ನು ತೊಟ್ಟಿಲಿಗೆ ಹಾಕಿ, ಗಾಡಿಯನ್ನು ಹಿತ್ತಲಿಗೆ ಒಯ್ದು, ಒರಳಿನ ಗುಂಡುಕಲ್ಲು ಎತ್ತಿಕೊಂಡಳು.

ಮೊದಲ ಏಟಿಗೆ ಕಲ್ಲೇ ಜಿಗಿದು ಕೈ ಜುಮ್ಮೆಂದಿತು. ಗಾಲಿಯ ಮೇಲೆ ಬಿಳಿ ಗುರುತಷ್ಟೇ ಬಿತ್ತು.

"ಏನವ್ವ ಅದು, ಮಟಮಟ ಮಧ್ಯಾಹ್ನ ಕುಟ್ತಾ ಕುಂತಿದೀಯ?" ಗೋಡೆಯಾಚೆಯಿಂದ ವೀರಮ್ಮನ ದನಿ.

"ಖಾರ ಕುಟ್ತಿದೀನಿ ವೀರಮ್ಮತ್ತೆ."

"ಖಾರಾನಾ? ಘಾಟೇ ಇಲ್ವಲ್ಲೇ! ನಿಮ್ಮನೇಲಿ ಮೆಣಸಿನಕಾಯಿನೂ ನಿನ್ನಂಗೆ ನಾಚ್ಕೆಂತವೇನು?"

"ಬ್ಯಾಡಗೀದು. ಘಾಟು ಕಮ್ಮಿ."

ವೀರಮ್ಮ ನಕ್ಕು ಒಳಗೆ ಹೋದಳು. ಎರಡನೇ ಸುಳ್ಳೂ ತಡವರಿಸದೆ ಬಂದಿತ್ತು. ಸುಪ್ರಿಯಾ ಗಾಡಿಯನ್ನು ಮಗ್ಗುಲಿಗೆ ಮಲಗಿಸಿ, ಹಲ್ಲು ಕಚ್ಚಿ ಮತ್ತೆ ಬಾರಿಸಿದಳು. ಆರನೆಯದೋ ಏಳನೆಯದೋ ಏಟಿಗೆ ಮುಂದಿನ ಗಾಲಿ ಎರಡು ಹೋಳಾಯಿತು. ಒಳಗಿನ ಮರ ಹಸಿ ಅರಿಶಿನದ ಕೊಂಬಿನ ಹಾಗೆ ಕಾಣುತ್ತಿತ್ತು. ಅವಳು ಅದಕ್ಕೆ ಮಣ್ಣು ಸವರಿದಳು. ಹಳೆಯದಾಗಿ ಕಾಣಲಿಲ್ಲ. ಇನ್ನಷ್ಟು ಸವರಿದಳು.

ಸಂಜೆ ಮುರುಗಪ್ಪ ಬಂದ. ಎಪ್ಪತ್ತರ ಮೇಲಿನ ಮುದುಕ, ಕಂಕುಳಲ್ಲಿ ಸಾಮಾನಿನ ಚೀಲ. ಹಿಂದೆ ಮಗನನ್ನು ಹೊತ್ತ ನೇತ್ರಾವತಿ. ಕೂಲಿ ಮುಗಿಸಿ ಬಂದ ಜಯಕ್ಕ ಆಗಷ್ಟೇ ಕಾಲು ತೊಳೆದು ಜಗಲಿಯ ಮೇಲೆ ಕೂತಿದ್ದಳು.

"ಬರ್ರಿ ಮುರುಗಣ್ಣ, ಕುಂತ್ಕಳ್ರಿ. ಏನ್ ಬಂದ್ರಿ?"

"ಗಾಡಿ ಗಾಲಿ ಹೋಗೈತಂತಲ್ಲ."

"ಯಾವ ಗಾಡಿ? ನಮ್ಮ ಚಿನ್ನೀದಾ?" ಜಯಕ್ಕ ಸೊಸೆಯ ಕಡೆ ತಿರುಗಿದಳು. "ಬೆಳಗ್ಗೆ ನಾನು ಹೋಗುವಾಗ ಸರೀಗಿತ್ತಲ್ಲೇ! ನಾನೇ ಕೂಸಿನ ಕೈಲಿ ಹಿಡಿಸಿ ಹೋದೆ."

ಸುಪ್ರಿಯಾ ಒಳಗಿನಿಂದ ಗಾಡಿಯನ್ನೂ ಎರಡು ಹೋಳುಗಳನ್ನೂ ತಂದು ಜಗಲಿಯ ಮೇಲಿಟ್ಟಳು. ನಿನ್ನೆ ಎಂದು ಹೇಳಿದ್ದನ್ನು ನೇತ್ರಾವತಿ ಮರೆತಿರಲಿ ಎಂದು ಬೇಡಿಕೊಂಡಳು. ನೇತ್ರಾವತಿ ಏನೋ ಹೇಳಲು ಬಾಯಿ ತೆರೆದು, ಸುಪ್ರಿಯಾಳ ಮುಖ ನೋಡಿ, ಸುಮ್ಮನಾದಳು.

ಮುರುಗಪ್ಪ ಹೋಳುಗಳನ್ನು ಒಂದಕ್ಕೊಂದು ಕೂಡಿಸಿ ನೋಡಿದ. ಬಿಡಿಸಿದ. ಹೆಬ್ಬೆರಳಿನಿಂದ ಮಣ್ಣು ಒರೆಸಿದ. ಅಂಚಿನ ಬಿಳಿ ಗುರುತುಗಳ ಮೇಲೆ, ಒಂದಾದ ಮೇಲೊಂದರಂತೆ, ಬೆರಳು ಆಡಿಸಿದ. ಉಗುರಿಗೆ ಕಲ್ಲಿನ ಪುಡಿ ಹತ್ತಿತು.

ಅಷ್ಟರಲ್ಲಿ ಪಕ್ಕದ ಬಾಗಿಲಿಂದ ವೀರಮ್ಮ ಇಣುಕಿದಳು. "ಜಯಕ್ಕ, ನಿನ್ ಸೊಸೆ ಕುಟ್ಟಿರೋ ಖಾರದ ಪುಡಿ ಒಂದು ಚಮಚ ಕೊಡಿಸವ್ವ, ನಮ್ಮನೇದು ಮುಗಿದೈತೆ."

"ಖಾರದ ಪುಡಿನಾ? ಮನೇಲಿ ಒಂದು ಒಣಮೆಣಸಿನಕಾಯಿ ಇಲ್ಲ, ಏನು ಕುಟ್ಟಿದ್ಲು?"

ಸುಪ್ರಿಯಾಳ ಕಿವಿ ಸುಡುತ್ತಿತ್ತು. ಕಾಲ ಕೆಳಗಿನ ಕಡಪ ಕಲ್ಲಿನಲ್ಲಿ ಒಂದು ಇರುವೆ ಸಾಲು ಹೋಗುತ್ತಿತ್ತು, ಅವಳು ಅದನ್ನೇ ನೋಡುತ್ತ ನಿಂತಳು. ಮುರುಗಪ್ಪ ತಲೆಯೆತ್ತಿ ಅವಳನ್ನು ಒಮ್ಮೆ ನೋಡಿದ್ದು ಅವಳಿಗೆ ಗೊತ್ತಾಯಿತು.

"ಹುಳ ಬಿದ್ದೈತೆ ಜಯಕ್ಕ," ಎಂದ ಅವನು ದೊಡ್ಡ ದನಿಯಲ್ಲಿ. "ಒಳಗೆಲ್ಲ ಟೊಳ್ಳಾಗೈತೆ. ಕೂಸು ಮುಟ್ಟಿದ್ರೂ ಮುರೀತಿತ್ತು."

"ಜಾಲಿಗೆ ಹುಳ ಬೀಳ್ತೈತಾ ಮುರುಗಣ್ಣ? ನೀವೇ ಹೇಳ್ತಿದ್ರಿ, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಏನಾಗಲ್ಲ ಅಂತ."

"ಹೇಳಿದ್ದೆ. ಮರ ಅಂದಮ್ಯಾಲೆ ಯಾವುದಕ್ಕಾದ್ರೂ ಬೀಳ್ತೈತೆ." ಅವನು ಹೋಳುಗಳನ್ನು ಚೀಲಕ್ಕೆ ಹಾಕಿಕೊಂಡು, ಯಾರಿಗೂ ಕೈಗೆ ಕೊಡದೆ, ಗಾಡಿಯನ್ನು ತಾನೇ ಎತ್ತಿಕೊಂಡ. "ಮೂರು ದಿನ ಕೊಡ್ರಿ."

ಮೂರು ದಿನವೂ ಓಣಿಯ ಆ ತುದಿಯಿಂದ ಮರ ಕೆತ್ತುವ ಬಾಚಿಯ ಸದ್ದು ಕೇಳುತ್ತಿತ್ತು. ರೊಟ್ಟಿ ತಟ್ಟುವಾಗ, ಕೂಸಿಗೆ ನೀರು ಹಾಕುವಾಗ, ಒಂದೇ ಸಮ. ಅದು ನಿಂತಾಗ ಸುಪ್ರಿಯಾಳ ಕೈಯೂ ನಿಲ್ಲುತ್ತಿತ್ತು. ಮುದುಕನಿಗೆ ಗೊತ್ತು. ಗೊತ್ತಿದ್ದೂ ಹೇಳಲಿಲ್ಲ. ಬೈದಿದ್ದರೆ ಅತ್ತು ಮುಗಿಸಬಹುದಿತ್ತು. ನಲ್ಲಿಗೆ ಹೋಗಲು ಅವಳು ಹೊತ್ತು ನೋಡತೊಡಗಿದಳು, ನೇತ್ರಾವತಿಯ ಹಸಿರು ಕೊಡ ಸಾಲಿನಲ್ಲಿ ಕಂಡರೆ ಅರ್ಧ ದಾರಿಯಿಂದ ವಾಪಸಾಗುತ್ತಿದ್ದಳು. "ಏನೇ, ನಲ್ಲೀಲಿ ಹಾವು ಕಂಡ್ಯಾ?" ಎಂದು ಜಯಕ್ಕ ಬೈದಳು.

ಈಗ ಗಾಡಿ ಅವರ ಮನೆಯಲ್ಲೇ ಇದೆ, ಮೊದಲು ಗೋವರ್ಧನನೇ ಹಿಡಿಯುತ್ತಾನೆ, ಹಿಡಿಯಲಿ ಎಂದು ಅವಳು ಅಂದುಕೊಂಡಳು. ಹಾಗೆ ಅಂದುಕೊಂಡರೆ ಒಂದಿಷ್ಟು ಉಸಿರಾಡಬಹುದಿತ್ತು.

ನಾಲ್ಕನೇ ದಿನ ಬೆಳಗ್ಗೆ ಜಗಲಿಯ ಮೇಲೆ ಟಕ್ ಎಂದು ಏನೋ ಇಟ್ಟ ಸದ್ದಾಯಿತು. ನೇತ್ರಾವತಿ ಒಬ್ಬಳೇ ನಿಂತಿದ್ದಳು, ಕೈಯಲ್ಲಿ ಗಾಡಿ. ಮೂರು ಗಾಲಿಯೂ ಹೊಸವು. ಅಡ್ಡಪಟ್ಟಿಯ ಕೆಳಗೆ ಬಳಿದ ಕೆಂಪು ಹಸಿರು ಬಣ್ಣದ ವಾಸನೆ ಇನ್ನೂ ಬರುತ್ತಿತ್ತು.

"ತಗಳೇ. ಬಣ್ಣ ಒಣಗೈತೆ, ಹೆದರ್ಕಬೇಡ."

"ನಮಗ್ಯಾಕಕ್ಕ... ನಿಮ್ಮ ಗೋವರ್ಧನ?"

"ಅವನದು ಆಮ್ಯಾಲೆ. ಮಾವ ಕೇಳಲೇ ಇಲ್ಲ. ಪಾಳಿ ಅಂದ್ರೆ ಪಾಳಿ, ಚಿನ್ನಿ ತಳ್ಕಂಡು ಬಂದು ಕೊಡ್ಲಿ, ಬೆಲ್ಲ ತಿನ್ಲಿ ಅಂದ್ರು. ಒಂದ್ ದಿನಾನೂ ಇವನ ಕೈಗೆ ಕೊಡ್ಲಿಲ್ಲ." ನೇತ್ರಾವತಿ ನಗಲು ನೋಡಿದಳು. "ಇಷ್ಟ್ ದಿನ ಕಾದಿದ್ದೀವಿ, ಇನ್ನೊಂದಿಷ್ಟು."

ಅವಳು ಹೋದ ಮೇಲೆ ಚಿನ್ನಿ ಅಂಬೆಗಾಲಲ್ಲಿ ಬಂದು, ಗಾಡಿ ಹಿಡಿದು ಎದ್ದು, ಯಾರೂ ಹೇಳದೆಯೇ ನಾಲ್ಕು ಹೆಜ್ಜೆ ಹಾಕಿದಳು. ಜಯಕ್ಕ ಕೈ ತಟ್ಟಿ ಕೂಗಿದಳು. ಟಕಟಕ ಸದ್ದು ಮನೆಯೆಲ್ಲ ತುಂಬಿತು. ಸುಪ್ರಿಯಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಸುತ್ತುತ್ತ ನಿಂತಿದ್ದಳು. ಆಮೇಲೆ ಮಗಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಗಾಡಿ ಎತ್ತಿ, ಓಣಿಗೆ ಇಳಿದಳು.

"ಎಲ್ಲಿಗೇ?" ಎಂದಳು ಜಯಕ್ಕ.

"ನೋಡ್ರವ್ವ," ವೀರಮ್ಮ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು, "ಕೂಸು ತಳ್ಳಬೇಕಾದ್ದನ್ನ ಅವ್ವನೇ ಹೊತ್ಕಂಡು ಹೊಂಟವ್ಳೆ! ಬೆಲ್ಲದ ಆಸೆ ಯಾರಿಗೋ?"

ಸುಪ್ರಿಯಾ ನಿಲ್ಲಲಿಲ್ಲ.

ಮುರುಗಪ್ಪ ಅಂಗಳದಲ್ಲಿ ಉಳಿ ಮಸೆಯುತ್ತಿದ್ದ. ಗೋವರ್ಧನ ಗೋಡೆಗೆ ಒರಗಿ ಕೂತಿದ್ದ. ನೇತ್ರಾವತಿ ಟೀ ಲೋಟ ಹಿಡಿದು ಹೊಸ್ತಿಲಿಗೆ ಬಂದಳು.

"ಅಜ್ಜ," ಎಂದಳು ಸುಪ್ರಿಯಾ. ಗಾಡಿಯನ್ನು ನೆಲಕ್ಕಿಟ್ಟಳು. ನಾಲಿಗೆ ಮೊದಲಿನಂತೆ ಅಂಗುಳಿಗೆ ಅಂಟಿತು. ಸುಳ್ಳು ಹೇಳುವಾಗ ಎಲ್ಲಿ ಹೋಗಿತ್ತೋ ಅದು. "ಅದು... ಹುಳ ಅಲ್ಲ."

ಮುರುಗಪ್ಪ ಮಸೆಯುವುದನ್ನು ನಿಲ್ಲಿಸಲಿಲ್ಲ. "ಬಿಡವ್ವ."

"ಮುರಿದಿರಲಿಲ್ಲ. ಅಕ್ಕ ಕೇಳಿದ ಮ್ಯಾಲೆ ನಾನೇ... ಗುಂಡುಕಲ್ಲಲ್ಲಿ..." ಅವಳು ಮುಂದೆ ಹೇಳಲಾಗದೆ ಚಿನ್ನಿಯ ಅಂಗಿಯನ್ನು ನೆಟ್ಟಗೆ ಮಾಡಿದಳು.

ನೇತ್ರಾವತಿ ಹೊಸ್ತಿಲಲ್ಲೇ ನಿಂತಿದ್ದಳು. ಲೋಟದ ಟೀ ಸ್ವಲ್ಪ ತುಳುಕಿ ಅವಳ ಬೆರಳ ಮೇಲೆ ಬಿತ್ತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ನಲ್ಲಿಯಲ್ಲಿ ಅವಳೂ ನೀರು ಹಿಡಿಯುವವಳೇ.

"ನನ್ ಮಗ ಯಾರಿಗೂ ಅಂಟಲ್ಲ ಕಣೇ ಸುಪ್ರಿಯಾ," ಎಂದಳು. ದನಿ ಏರಲಿಲ್ಲ. ಟೀ ಲೋಟವನ್ನು ಮಾವನ ಪಕ್ಕ ಇಟ್ಟು, ಒಳಗೆ ಹೋದಳು. ಒಳಗೆ ಪಾತ್ರೆ ತಿಕ್ಕುವ ಸದ್ದು, ಬಳೆಯ ಸದ್ದು ಶುರುವಾದವು.

ಸುಪ್ರಿಯಾ ಹೊರಡಲೂ ಆಗದೆ ನಿಲ್ಲಲೂ ಆಗದೆ ಇದ್ದಳು. ಚಿನ್ನಿ ಅವಳ ಸೊಂಟದಿಂದ ಜಾರಿ ಇಳಿದು, ಮಣ್ಣಲ್ಲಿ ಬಿದ್ದಿದ್ದ ಮರದ ಹೊಟ್ಟನ್ನು ಹಿಡಿಹಿಡಿಯಾಗಿ ಎತ್ತತೊಡಗಿದಳು. ಮುರುಗಪ್ಪ ಎದ್ದು ಮೊಮ್ಮಗನ ಕಂಕುಳಿಗೆ ಕೈ ಕೊಟ್ಟು ಎತ್ತಿ, ಗಾಡಿಯ ಹಿಂದೆ ನಿಲ್ಲಿಸಿದ. ಹುಡುಗ ಅಡ್ಡಪಟ್ಟಿಯ ಮೇಲೆ ಎದೆಯನ್ನೇ ಇಟ್ಟು ವಾಲಿದ. ಗಾಡಿ ಸರ್ರನೆ ಮುಂದಕ್ಕೆ ಜಾರಿತು.

"ನೋಡ್ತಾ ನಿಂತ್ರೆ ಹೆಂಗೆ?" ಎಂದ ಮುರುಗಪ್ಪ. "ಮುಂದೆ ಕುಂತು ಹಿಡ್ಕ. ಇವನು ಎಷ್ಟು ಬರ್ತಾನೋ ಅಷ್ಟೇ ಹಿಂದಕ್ಕೆ ಸರಿ. ಜಾಸ್ತಿ ಬಿಟ್ರೆ ಬೀಳ್ತಾನೆ."

ಅವಳು ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಿಂದ ಗಾಡಿಯ ಮುಂಭಾಗ ಹಿಡಿದಳು. ಹುಡುಗನ ಮುಖ ಅವಳ ಮುಖಕ್ಕೆ ಒಂದು ಗೇಣಿನಲ್ಲಿತ್ತು. ಅವನು ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದ. ಅವಳು ಅವನ ಕಾಲು ನೋಡಿದಳು. ಬಲಗಾಲು ಮಣ್ಣಲ್ಲಿ ಗೆರೆ ಎಳೆಯುತ್ತ ಬಂದು ನಿಂತಿತು. ಅವಳು ಅಷ್ಟೇ ಹಿಂದಕ್ಕೆ ಸರಿದಳು. ಟಕ್ ಎಂದಿತು. ಸದ್ದಿಗೆ ಹುಡುಗ ಬೆಚ್ಚಿದ, ಆಮೇಲೆ ನಕ್ಕ, ಜೊಲ್ಲು ಅವಳ ಕೈಮೇಲೆ ಬಿತ್ತು.

ಎಡಗಾಲು ಇನ್ನೂ ಹಿಂದೆಯೇ ಇತ್ತು. ಸೆರಗು ಮಣ್ಣಲ್ಲಿ ಬಿದ್ದದ್ದನ್ನು ಎತ್ತಿಕೊಳ್ಳದೆ, ಹಿಡಿದ ಕೈ ಸಡಿಲಿಸದೆ, ಸುಪ್ರಿಯಾ ಅದು ಬರುವುದನ್ನು ಕಾಯುತ್ತ ಕೂತಳು.